ಕೊನೆಯ ಬೆಂಚಿಗೆ ಕೇಳಿಸದ ಪಾಠ



ಕಳೆದ ದೀಪಾವಳಿಯ ಮರುದಿನ ರಾಯಚೂರಿನ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಮಾನ್ವಿಯಲ್ಲಿ ನನ್ನ ಬಳಿ ಎಂಟನೆಯ ತರಗತಿಯ ವಿಜ್ಞಾನ ಓದಿದವಳು. ಈಗ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿದ್ದುಕೊಂಡು, ಶಬ್ದವನ್ನು ಹತೋಟಿಯಲ್ಲಿಡುವ ಹೊಸ ಬಗೆಯ ವಸ್ತುಗಳ ಮೇಲೆ ಸಂಶೋಧನೆ ನಡೆಸುತ್ತಿದ್ದಾಳೆ. ಫಳಾರದ ತಟ್ಟೆ ಮುಗಿಸಿದ ಮೇಲೆ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಬಳೆಯಂಥ ವಸ್ತುವನ್ನೂ ಮೊಳದುದ್ದದ ಪಿವಿಸಿ ಕೊಳವೆಯನ್ನೂ ತೆಗೆದಳು. ಕೊಳವೆಯ ಒಂದು ತುದಿಯಲ್ಲಿ ಮೊಬೈಲನ್ನಿಟ್ಟು ಏಕಸಮನಾದ ಒಂದು ಸ್ವರವನ್ನು ಹಚ್ಚಿದಳು. ಇನ್ನೊಂದು ತುದಿಗೆ ಆ ಬಳೆಯನ್ನು ಸಿಕ್ಕಿಸಿದೊಡನೆ ಸ್ವರ ತಟ್ಟನೆ ಕುಗ್ಗಿತು.

"ಈಗ ಇದಕ್ಕ ಬಾಯಿ ಇಟ್ಟು ಊದ್ರಿ ಸರ," ಎಂದಳು. ಊದಿದೆ. ಗಾಳಿ ಸರಾಗವಾಗಿ ಆಚೆ ಹೋಯಿತು! ಬಳೆಯ ನಡುವೆ ದೊಡ್ಡ ತೂತೇ ಇದೆ. ಗಾಳಿಗೆ ಬಾಗಿಲು ತೆರೆದಿದೆ, ಶಬ್ದಕ್ಕೆ ಮಾತ್ರ ಮುಚ್ಚಿದೆ. ಅವಳು ಮೊಬೈಲಿನ ಸ್ವರವನ್ನು ಸ್ವಲ್ಪ ಏರಿಸಿದಾಗ ಶಬ್ದ ಮತ್ತೆ ಕೇಳಿಸತೊಡಗಿತು. ಬಳೆಯ ಒಳಭಾಗವನ್ನು ತುಸು ತಿರುಗಿಸಿದಳು. ಆ ಹೊಸ ಸ್ವರವೂ ಅಡಗಿತು. ನಮ್ಮ ಮನೆಯವರು ಅಡುಗೆಮನೆಯಿಂದ ಬಂದು ನೋಡಿ, "ಇದನ್ನ ನಮ್ಮ ಓಣ್ಯಾಗಿನ ಡಿಜೆಗೆ ಹಚ್ಚಲಿಕ್ಕೆ ಬರ್ತದೇನವಾ?" ಎಂದು ಕೇಳಿದರು. ಎಲ್ಲರೂ ನಕ್ಕೆವು.

ಆ ವಸ್ತುವಿಗೆ ಇಂಗ್ಲಿಷಿನಲ್ಲಿ ಅಕೌಸ್ಟಿಕ್ ಮೆಟಾಮೆಟೀರಿಯಲ್ ಎನ್ನುತ್ತಾರೆ. ಸಾಮಾನ್ಯ ವಸ್ತುವಿನ ಗುಣ ಅದು ಯಾವುದರಿಂದ ಆಗಿದೆ ಎಂಬುದರಿಂದ ಬರುತ್ತದೆ. ಕಬ್ಬಿಣ ಭಾರ, ಹತ್ತಿ ಹಗುರ. ಇದರ ಗುಣವಾದರೋ ಹೆಚ್ಚಾಗಿ ಒಳಗಿನ ರಚನೆಯಿಂದ, ಆಕಾರದಿಂದ, ಅಳತೆಯಿಂದ ಬರುತ್ತದೆ. ಬೇಕಾದ ಸ್ವರಕ್ಕೆ ಹೊಂದಿಸಿಕೊಳ್ಳಲು ಬರುವಂಥದ್ದು ಇನ್ನೂ ಮುಂದಿನ ಹೆಜ್ಜೆ. ಅವಳು ಹೊರಟುಹೋದ ಮೇಲೆ ನನ್ನ ಮನಸ್ಸು ಮಾತ್ರ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗದೆ, ಸುಮಾರು ನಾಲ್ಕು ದಶಕಗಳ ಹಿಂದಿನ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಹೋಯಿತು. ಆ ಹಳ್ಳಿಯ ಹೆಸರು ಬೇಡ. ಅಲ್ಲಿ ನಾನೊಂದು ತಪ್ಪು ಮಾಡಿದ್ದೆ. ಇಂದು ಹೇಳಬೇಕೆಂದಿರುವ ಅಭಿಪ್ರಾಯ ಹುಟ್ಟಿದ್ದು ಆ ತಪ್ಪಿನಿಂದ.

1986ನೆಯ ಇಸವಿ. ಅದಕ್ಕೆ ಮುಂಚೆ ನಮ್ಮ ಶಾಲೆಯ ಅರ್ಧ ತರಗತಿಗಳು ಬೇವಿನ ಮರದ ಕೆಳಗೆ ನಡೆಯುತ್ತಿದ್ದವು. ಆ ವರ್ಷ ಕಾಂಕ್ರೀಟಿನ ಹೊಸ ಕೊಠಡಿ ಬಂತು. ನುಣುಪಾದ ಗಿಲಾವು, ಶಹಾಬಾದ್ ಕಲ್ಲಿನ ನೆಲ, ಎತ್ತರದ ಛಾವಣಿ. ಊರಿಗೆ ಊರೇ ಸಂಭ್ರಮಿಸಿತು, ನಾನೂ ಸಂಭ್ರಮಿಸಿದೆ. ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎತ್ತರದ ಹುಡುಗನಾದ್ದರಿಂದ ಕೊನೆಯ ಸಾಲಿನಲ್ಲಿ ಕೂರಿಸಿದ್ದೆ. ಮರದ ಕೆಳಗೆ ಚೆನ್ನಾಗಿಯೇ ಓದುತ್ತಿದ್ದವನು ಹೊಸ ಕೊಠಡಿಗೆ ಬಂದ ಮೇಲೆ ಮಂಕಾದ. ಕೇಳಿದ ಪ್ರಶ್ನೆಗೆ ಬೇರೆಯೇ ಉತ್ತರ. ಉಕ್ತಲೇಖನದಲ್ಲಿ ನಾನು "ಸಾಲು" ಎಂದರೆ "ಹಾಲು" ಎಂದು ಬರೆದಿರುತ್ತಿದ್ದ. "ತಟ್ಟೆ" ಎಂದರೆ "ಕಟ್ಟೆ". ನಾನು ಕೆಂಪು ಶಾಯಿಯಿಂದ ಗೀಟು ಎಳೆಯುತ್ತಿದ್ದೆ, ಲಕ್ಷ್ಯವಿಲ್ಲವೆಂದು ಬೈಯುತ್ತಿದ್ದೆ. ಎರಡು ಬಾರಿ ಬಾಗಿಲ ಹೊರಗೆ ನಿಲ್ಲಿಸಿದ್ದೂ ಉಂಟು.

ಆ ವರ್ಷ ಸೆಪ್ಟೆಂಬರಿನಲ್ಲಿ ಮೊಹರಂ ಬಂತು. ನಮ್ಮ ಸೀಮೆಯ ಮೊಹರಂ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಅಲಾಯಿ ಕುಣಿಯ ಸುತ್ತ ಜಾತಿ ಮತ ಎಣಿಸದೆ ಊರೆಲ್ಲ ನೆರೆದಿರುತ್ತದೆ. ಈ ಹುಡುಗನ ತಂದೆ ಹಲಿಗೆ ಬಾರಿಸುವುದರಲ್ಲಿ ಹೆಸರಾದವರು. ಕುಣಿಯ ಪಕ್ಕದಲ್ಲಿ ಸೊಪ್ಪೆಯ ಸಣ್ಣ ಉರಿ ಮಾಡಿ, ಹುಡುಗ ಹಲಿಗೆಯನ್ನು ಅದಕ್ಕೆ ಹಿಡಿದು ಕಾಯಿಸುತ್ತಿದ್ದ. ಬೆರಳಿನಿಂದ ತಟ್ಟಿ ಕೇಳುವುದು, ಮತ್ತೆ ಉರಿಗೆ ಹಿಡಿಯುವುದು, ಮತ್ತೆ ತಟ್ಟುವುದು. ನಾನು ಹತ್ತಿರ ಹೋಗಿ, ಏಕೆ ಹೀಗೆ ಮಾಡುತ್ತೀ ಎಂದು ಕೇಳಿದೆ.

"ಕಾಯಿಸಿದ್ರ ಚರ್ಮ ಬಿಗಿತದರಿ ಸರ. ಬಿಗದ್ರ ದನಿ ಏರ್ತದ. ಮಳಿಗಾಲದ ಥಂಡಿಗೆ ಸಡ್ಲ ಆಗಿರ್ತದರಿ."

ಬಿಗಿತ ಹೆಚ್ಚಿದರೆ ಆವೃತ್ತಿ ಹೆಚ್ಚುತ್ತದೆ ಎಂಬ ನಿಯಮವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಬೇಕಾಗಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಇಷ್ಟು ತಿಳಿದವನು ತರಗತಿಯಲ್ಲಿ ಏಕೆ ಹಾಗಿರುತ್ತೀ ಎಂದೆ. ತಲೆ ತಗ್ಗಿಸಿ ಹೇಳಿದ:

"ಹಿಂದ ಕುಂತ್ರ ಗುಂಯ್ ಅಂತದರಿ ಸರ. ನೀವು ಮಾತಾಡೋದು ಕೇಳಸ್ತದ. ಏನಂತೀರಿ ಅನ್ನೋದು ತಿಳಿಯಂಗಿಲ್ಲರಿ."

ಮರುದಿನವೇ ಅವನನ್ನು ಮುಂದಿನ ಸಾಲಿಗೆ ತಂದೆ. ಎರಡು ವಾರಗಳಲ್ಲಿ ಉಕ್ತಲೇಖನದ ಕೆಂಪು ಗೀಟುಗಳು ಬಹುಮಟ್ಟಿಗೆ ಮಾಯವಾದವು. ಆದರೆ ಆ ವರ್ಷ ಮಳೆ ಕೈಕೊಟ್ಟಿತ್ತು. ದೀಪಾವಳಿ ಕಳೆದ ಮೇಲೆ ಆ ಮನೆಯವರೆಲ್ಲ ಗುಳೇ ಹೋದರು. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಬಡತನವೇ ಅವನನ್ನು ಕರೆದೊಯ್ದಿತು, ನಿಜ. ಆದರೆ ಶಾಲೆಯ ಮೇಲೆ ಅವನಿಗೆ ಉಳಿದಿದ್ದ ಮೋಹವನ್ನು ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಾನೇ ಕಳೆದಿದ್ದೆನಲ್ಲ ಎಂಬ ಕೊರಗು ಇಂದಿಗೂ ಇದೆ.

ಇರಲಿ. ಈಗ ಶಬ್ದದ ಕಡೆಗೆ ಬರೋಣ.

ಆ ಹುಡುಗ ಉರಿಗೆ ಹಿಡಿದಿದ್ದ ಹಲಿಗೆಯೂ ನನ್ನ ವಿದ್ಯಾರ್ಥಿನಿ ತಂದ ಬಳೆಯೂ ದೂರದ ನೆಂಟರೇ. ನಮ್ಮ ಚರ್ಮವಾದ್ಯಗಳಲ್ಲಿ ಶಬ್ದವನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಕಲೆ ಶತಮಾನಗಳಿಂದ ಇದೆ. ತಬಲಾದ ಪಕ್ಕದಲ್ಲಿ ಮರದ ಗಟ್ಟಗಳಿರುತ್ತವೆ. ಸುತ್ತಿಗೆಯಿಂದ ತಟ್ಟಿ ಅವನ್ನು ಕೆಳಗಿಳಿಸಿದರೆ ಬಾರು ಬಿಗಿಯಾಗಿ ಸ್ವರ ಏರುತ್ತದೆ. ಮೃದಂಗದ ಎಡಮುಖಕ್ಕೆ ಕಛೇರಿಗೆ ಮುಂಚೆ ನೆನೆಸಿದ ರವೆಯನ್ನು ಮೆತ್ತುತ್ತಾರೆ. ಭಾರ ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ಬಲಮುಖದ ನಡುವೆ ಕಪ್ಪಗೆ ಕಾಣುವ ಕರಣೆಯಂತೂ ಒಂದು ಅದ್ಭುತ. ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು, ಪದರ ಪದರವಾಗಿ ಹಚ್ಚಿ, ತಿಕ್ಕಿ ತಿಕ್ಕಿ ಮಾಡಿದ್ದು. ಬರಿಯ ಚರ್ಮವನ್ನು ಬಾರಿಸಿದಾಗ ಹುಟ್ಟುವ ಉಪಸ್ವರಗಳು ಮೂಲಸ್ವರದ 1.59 ಪಟ್ಟು, 2.14 ಪಟ್ಟು ಎಂಬಂತೆ ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ನಡುವೆ ಕರಣೆಯ ಭಾರ ಬಿದ್ದಾಗ ಅವು ಎರಡು, ಮೂರು, ನಾಲ್ಕು, ಐದು ಪಟ್ಟುಗಳಿಗೆ ಸರಿದು ಕೂತು ಸಂಗೀತವಾಗುತ್ತವೆ. ಇದನ್ನು ಮೊದಲು ವಿಜ್ಞಾನದ ಜಗತ್ತಿಗೆ ತಿಳಿಸಿದವರು ಸರ್ ಸಿ. ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಅವರೊಂದಿಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು; ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನಷ್ಟು ವಿಸ್ತಾರವಾಗಿ ಬರೆದರು.

2008ರಲ್ಲಿ ಹಾಂಗ್‌ಕಾಂಗಿನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪಿಂಗ್ ಶೆಂಗ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗವನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ತೆಳುವಾದ ರಬ್ಬರಿನಂಥ ಪೊರೆಯೊಂದನ್ನು ಪುಟ್ಟ ಚೌಕಟ್ಟಿಗೆ ಬಿಗಿದು, ಅದರ ನಡುವೆ ಒಂದು ಸಣ್ಣ ಭಾರವನ್ನು ಅಂಟಿಸಿದರು. ನಮ್ಮ ತಬಲಾದ ತದ್ರೂಪು! ಒಂದು ನಿರ್ದಿಷ್ಟ ಆವೃತ್ತಿಯ ಶಬ್ದ ಬಂದಾಗ ಪೊರೆಯ ನಡುಭಾಗ ಮುಂದಕ್ಕೆ ಚಲಿಸಿದರೆ ಸುತ್ತಲಿನ ಭಾಗ ಹಿಂದಕ್ಕೆ ಚಲಿಸುತ್ತದೆ. ಎರಡೂ ಸೇರಿ ಆಚೆಯ ಗಾಳಿಯನ್ನು ತಳ್ಳುವುದೂ ಇಲ್ಲ, ಎಳೆಯುವುದೂ ಇಲ್ಲ. ಶಬ್ದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಡುವಿನ ಭಾರವನ್ನೋ ಪೊರೆಯ ಬಿಗಿತವನ್ನೋ ಬದಲಿಸಿದರೆ ತಡೆಯುವ ಸ್ವರವೂ ಬದಲಾಗುತ್ತದೆ. ಮುಂದೆ ವಿದ್ಯುತ್ತಿನಿಂದಲೇ ಆ ಹೊಂದಾಣಿಕೆ ಮಾಡುವ ಪ್ರಯೋಗಗಳೂ ನಡೆದವು. ತಬಲಾದಲ್ಲಿ ಕರಣೆ ಸ್ವರವನ್ನು ಇಂಪಾಗಿಸುತ್ತದೆ, ಇಲ್ಲಿ ಅಡಗಿಸುತ್ತದೆ. ಪೊರೆಯ ನಡುವೆ ಭಾರವಿಟ್ಟು ಕಂಪನವನ್ನು ಆಳುವ ತಂತ್ರ ಮಾತ್ರ ಒಂದೇ.

ಇದರಲ್ಲಿ ಅಷ್ಟೇನು ವಿಶೇಷ, ಗೋಡೆ ಕಟ್ಟಿದರೆ ಶಬ್ದ ನಿಲ್ಲುವುದಿಲ್ಲವೇ ಎಂದು ಕೇಳಬಹುದು. ನಿಲ್ಲುತ್ತದೆ, ಆದರೆ ದುಬಾರಿ. ಗೋಡೆಯ ತೂಕವನ್ನು ಎರಡು ಪಟ್ಟು ಮಾಡಿದರೆ ದಾಟಿ ಬರುವ ಶಬ್ದ ಸುಮಾರು 6 ಡೆಸಿಬಲ್ ಮಾತ್ರ ತಗ್ಗುತ್ತದೆ. ಅದರಲ್ಲೂ ತಗ್ಗು ಸ್ವರಗಳನ್ನು ತಡೆಯುವುದು ಬಲು ಕಷ್ಟ. ವಿದ್ಯುತ್ ಪರಿವರ್ತಕ, ಅಂದರೆ ನಾವು ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್, ದಿನವಿಡೀ ಗುಂಯ್‌ಗುಡುವುದನ್ನು ಕೇಳಿದ್ದೀರಷ್ಟೆ. ಅದರ ಮುಖ್ಯ ಆವೃತ್ತಿ 100 ಹರ್ಟ್ಸ್. ನಮ್ಮ ರಾಯಚೂರಿನ 40 ಡಿಗ್ರಿ ಬಿಸಿಲಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರ್. ಆದ್ದರಿಂದ ಆ ಗುಂಯ್‌ಕಾರದ ತರಂಗದೂರ ಮೂರೂವರೆ ಮೀಟರ್. ಇಂಥ ಉದ್ದನೆಯ ಅಲೆಗೆ ತೆಳುಗೋಡೆ, ಪರದೆ, ಹತ್ತಿಯ ಹಾಸು ಯಾವುದೂ ಲೆಕ್ಕಕ್ಕಿಲ್ಲ. 2000ನೆಯ ಇಸವಿಯಲ್ಲಿ ಇದೇ ಹಾಂಗ್‌ಕಾಂಗಿನ ತಂಡ ಒಂದು ಸೆಂಟಿಮೀಟರಿನ ಸೀಸದ ಗುಂಡುಗಳಿಗೆ ಮೆದು ರಬ್ಬರ್ ಸುತ್ತಿ, ಗಟ್ಟಿಯಾದ ಅಂಟಿನಲ್ಲಿ ಸಾಲಾಗಿ ಹುದುಗಿಸಿ, ತನಗಿಂತ ಎಷ್ಟೋ ಪಟ್ಟು ಉದ್ದನೆಯ ಅಲೆಯನ್ನು ಸಣ್ಣ ವಸ್ತು ತಡೆಯಬಲ್ಲದೆಂದು ತೋರಿಸಿತು. ಒಳಗಿನ ಗುಂಡುಗಳು ಬಂದ ಅಲೆಗೆ ಎದುರಾಗಿ ತೂಗಾಡುವುದೇ ಅದರ ಗುಟ್ಟು.

ಈ ಹೊಂದಿಸುವಿಕೆ ಎಂದರೇನೆಂದು ತಿಳಿಯಲು ನಳದ ಕೆಳಗಿನ ಕೊಡವೇ ಸಾಕು. ನೀರು ತುಂಬುತ್ತ ಹೋದಂತೆ ಅದರ ದನಿ ಏರುತ್ತ ಹೋಗುತ್ತದೆ. ಒಳಗಿದ್ದ ಹೆಣ್ಣುಮಕ್ಕಳು ಕಣ್ಣಿನಿಂದ ನೋಡದೆ ಕಿವಿಯಿಂದಲೇ ಕೊಡ ತುಂಬಿತೆಂದು ತಿಳಿಯುತ್ತಾರೆ. ಒಳಗಿನ ಗಾಳಿಯ ಜಾಗ ಕಡಿಮೆಯಾದಂತೆ ಅದು ಒಲಿಯುವ ಸ್ವರ ಬದಲಾಗುತ್ತದೆ. ಹೀಗೆ ತನ್ನದೇ ಸ್ವರಕ್ಕೆ ವಸ್ತು ಸ್ಪಂದಿಸುವುದನ್ನು ಅನುನಾದ ಎಂದು ನಿಮಗೆ ಪಾಠ ಮಾಡಿದ್ದೆ. ಒಲಿದ ಸ್ವರವನ್ನು ಹೆಚ್ಚಿಸುವುದೂ ಸಾಧ್ಯ, ನುಂಗುವುದೂ ಸಾಧ್ಯ. 2019ರಲ್ಲಿ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದವರು ನಡುವೆ ತೆರೆದೇ ಇರುವ ಬಳೆಯೊಂದನ್ನು ಮಾಡಿ, ಕೊಳವೆಯಲ್ಲಿ ಬರುವ ಒಂದು ಸ್ವರದ ಶೇ. 94ರಷ್ಟನ್ನು ತಡೆದರು. ನನ್ನ ವಿದ್ಯಾರ್ಥಿನಿ ತಂದದ್ದು ಅದೇ ಜಾತಿಯದು.

ಗಾಳಿಯನ್ನು ಬಿಟ್ಟು ಶಬ್ದವನ್ನು ತಡೆಯುವ ಈ ಗುಣ ನಮ್ಮಂಥ ಬಿಸಿಲನಾಡಿಗೆ ಬಹಳ ಮುಖ್ಯ. ಚಳಿಯ ದೇಶದವರು ಕಿಟಕಿ ಮುಚ್ಚಿ ನಿಶ್ಶಬ್ದ ಮಾಡಿಕೊಳ್ಳಬಲ್ಲರು. ಏಪ್ರಿಲ್ ತಿಂಗಳಲ್ಲಿ ದೇವದುರ್ಗದ ತರಗತಿಯ ಕಿಟಕಿ ಮುಚ್ಚಿದರೆ ಮಕ್ಕಳು ಉಸಿರಾಡುವುದು ಹೇಗೆ? ಆದ್ದರಿಂದ ಈ ಸಂಶೋಧನೆಯನ್ನು ಶ್ರೀಮಂತರ ಆಟಿಕೆಯೆಂದು ನಾನು ತಳ್ಳಿಹಾಕಲಾರೆ. ಟಿಸಿ, ಜನರೇಟರು, ಹಿಟ್ಟಿನ ಗಿರಣಿ ಇವುಗಳ ಪಕ್ಕದಲ್ಲಿರುವ ಶಾಲೆಗಳಿಗೆ ಮುಂದೊಂದು ದಿನ ಇಂಥ ಕಿಟಕಿಗಳು ಬಂದರೆ ನನಗಿಂತ ಸಂತೋಷಪಡುವವರಿಲ್ಲ.

ಆದರೆ ಅವಳು ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಿದಳು. ಈ ವಸ್ತುಗಳು ಸಾಮಾನ್ಯವಾಗಿ ಒಂದು ಕಿರಿದಾದ ಸ್ವರಪಟ್ಟಿಯನ್ನು ಮಾತ್ರ ಹಿಡಿಯುತ್ತವೆ. ಮನುಷ್ಯನ ಮಾತು ನೂರರಿಂದ ಹಲವು ಸಾವಿರ ಹರ್ಟ್ಸ್‌ವರೆಗೆ ಹರಡಿಕೊಂಡಿರುತ್ತದೆ. ಹಾಗಾದರೆ ಕೊನೆಯ ಸಾಲಿನ ಹುಡುಗನ ಕಷ್ಟಕ್ಕೆ ಮದ್ದು ಯಾವುದು? ಅದು ನೂರು ವರ್ಷಗಳಿಗೂ ಹಿಂದೆಯೇ ಸಿಕ್ಕಿದೆ. ನಮಗದು ಬೇಕೆಂದು ಅನ್ನಿಸಿಲ್ಲ, ಅಷ್ಟೆ.

ಶಾಲೆಯ ಪ್ರವಾಸದಲ್ಲಿ ನಿಮ್ಮನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ದಾಗ ನಡೆದದ್ದು ನೆನಪಿರಬೇಕು. 1656ರ ಹೊತ್ತಿಗೆ ಕಟ್ಟಿ ನಿಲ್ಲಿಸಿದ ಆ ಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತು ಎದುರು ಬದಿಯವರಿಗೆ ಕೇಳಿಸಿತು. ಆದರೆ "ಎಲ್ಲರೂ ಸಾಲಾಗಿ ಕೆಳಗೆ ಇಳಿಯಿರಿ" ಎಂದು ನಾನು ಕೂಗಿದ್ದು ಮಾತ್ರ ಒಬ್ಬರಿಗೂ ಅರ್ಥವಾಗಲಿಲ್ಲ. ಒಂದು ಮಾತಿನ ಮೇಲೆ ಇನ್ನೊಂದು ಮಾತಿನ ಪ್ರತಿಧ್ವನಿ ಬಿದ್ದು ಎಲ್ಲ ಕಲಸಿಹೋಯಿತು. ನಮ್ಮ ಕಾಂಕ್ರೀಟು ಕೊಠಡಿಗಳು ಸಣ್ಣ ಗೋಳಗುಮ್ಮಟಗಳು. ಅಲ್ಲಿ ಪ್ರತಿಧ್ವನಿ ಬೇರೆಯಾಗಿ ಕೇಳಿಸುವುದಿಲ್ಲ. ಶಬ್ದ ಗೋಡೆಯಿಂದ ಗೋಡೆಗೆ ಬಡಿದು ಬಹಳ ಹೊತ್ತು ಉಳಿದು ಗುಂಯ್‌ಗುಡುತ್ತದೆ. ಇದಕ್ಕೆ ಅನುರಣನ ಎಂದು ಹೆಸರು.

ಇದು ಮಾತನ್ನು ಕೆಡಿಸುವ ಬಗೆ ಹೀಗೆ. ಕಾಲು, ಸಾಲು, ಹಾಲು, ಪಾಲು, ಬಾಲು ಎಂದು ಹೇಳಿ ನೋಡಿ. ಸ್ವರಾಕ್ಷರ ಎಲ್ಲದರಲ್ಲೂ ಒಂದೇ, ಅದಕ್ಕೆ ಬಲವೂ ಹೆಚ್ಚು. ಅರ್ಥವನ್ನು ಬೇರೆ ಮಾಡುವುದು ಮೊದಲಿನ ವ್ಯಂಜನ. ಅದಾದರೋ ಕ್ಷಣಮಾತ್ರದ ದುರ್ಬಲ ಶಬ್ದ. ಹಿಂದಿನ ಪದದ "ಆ"ಕಾರ ಕೊಠಡಿಯಲ್ಲಿ ಇನ್ನೂ ಸುತ್ತುತ್ತಿರುವಾಗ ಮುಂದಿನ ಪದದ "ಸ"ಕಾರ ಅದರಲ್ಲಿ ಮುಳುಗಿಹೋಗುತ್ತದೆ. ಮುಂದಿನ ಸಾಲಿನವರಿಗೆ ಗುರುವಿನ ಬಾಯಿಂದ ನೇರ ಶಬ್ದ ಸಿಗುತ್ತದೆ. ಕೊನೆಯ ಸಾಲಿಗೆ ಸಿಗುವುದು ಬಹುಪಾಲು ಗೋಡೆಯ ಎಂಜಲು ಶಬ್ದ. ಸಾಲನ್ನು ಹಾಲೆಂದು ಬರೆದ ಹುಡುಗನ ತಪ್ಪು ಬುದ್ಧಿಯದಾಗಿರಲಿಲ್ಲ, ಕೊಠಡಿಯದಾಗಿತ್ತು. ನಾನು ಕೆಂಪು ಗೀಟು ಎಳೆದದ್ದು ಮಾತ್ರ ಅವನ ಪುಸ್ತಕದ ಮೇಲೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇಂಥದೇ ಕಷ್ಟ ಬಂದಿತ್ತು. ಹೊಸದಾಗಿ ಕಟ್ಟಿದ ಉಪನ್ಯಾಸದ ಸಭಾಂಗಣದಲ್ಲಿ ಒಂದು ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ವಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನಿಗೆ ಅದನ್ನು ಸರಿಪಡಿಸಲು ಹೇಳಿದರು. ಆತ ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಆಸನಗಳ ದಿಂಬುಗಳನ್ನು ಹೊತ್ತು ತಂದು, ಇಷ್ಟು ದಿಂಬಿಗೆ ಎಷ್ಟು ಹೊತ್ತು ಗುಂಯ್‌ಕಾರ ಎಂದು ಅಳೆದ. ಬೆಳಗಾಗುವುದರೊಳಗೆ ದಿಂಬುಗಳನ್ನು ಮತ್ತೆ ಮರಳಿಸುತ್ತಿದ್ದ. ಆ ದಿಂಬುಗಳಿಂದ ಹುಟ್ಟಿದ ಸೂತ್ರ ಇಂದಿಗೂ ನಡೆಯುತ್ತಿದೆ. ಕೊಠಡಿಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಶಬ್ದ ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಗುಂಯ್‌ಕಾರ ಉಳಿಯುವ ಸೆಕೆಂಡುಗಳು ಬರುತ್ತವೆ. ತರಗತಿಯೊಂದರ ಕಷ್ಟದಿಂದಲೇ ಒಂದು ಶಾಸ್ತ್ರ ಹುಟ್ಟಿತೆಂಬುದು ಮೇಷ್ಟ್ರಾದ ನನಗೆ ಅಭಿಮಾನದ ಸಂಗತಿ.

ಲೆಕ್ಕ ಬಿಡಿಸುವ ಚಟ ಹೋಗಿಲ್ಲ, ಮನ್ನಿಸಿ. 7.2 ಮೀಟರ್ ಉದ್ದ, 6 ಮೀಟರ್ ಅಗಲ, 3.3 ಮೀಟರ್ ಎತ್ತರದ ಕೊಠಡಿ ಎಂದುಕೊಳ್ಳಿ. ಘನ ಅಳತೆ ಸುಮಾರು 143 ಘನ ಮೀಟರ್. ಗಿಲಾವಿನ ಗೋಡೆ, ಕಾಂಕ್ರೀಟು ಛಾವಣಿ, ಕಲ್ಲಿನ ನೆಲ ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಮೂರು ಪಾಲು ಹೀರಿದರೆ ಹೆಚ್ಚು. ಖಾಲಿ ಕೊಠಡಿಯಲ್ಲಿ ಗುಂಯ್‌ಕಾರ ನಾಲ್ಕು ಸೆಕೆಂಡು ಮೀರುತ್ತದೆ. 40 ಮಕ್ಕಳು ಕೂತು, ಕಿಟಕಿ ಬಾಗಿಲು ತೆರೆದರೂ ಸುಮಾರು ಒಂದು ಸೆಕೆಂಡು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತರಗತಿಗಳಿಗೆ ಸೂಚಿಸಿದ ಮಿತಿ 0.6 ಸೆಕೆಂಡು, ಪಾಠದ ವೇಳೆ ಹೊರಗಿನ ಸದ್ದು 35 ಡೆಸಿಬಲ್ ಮೀರಬಾರದು. ನಮ್ಮ ಕೊಠಡಿಯನ್ನು 0.6ಕ್ಕೆ ಇಳಿಸಲು ಏನು ಬೇಕು? ಛಾವಣಿಯ ಅರ್ಧ ಭಾಗಕ್ಕೆ ಶಬ್ದ ಹೀರುವ ಹಾಸು ಹೊದಿಸಿದರೆ ಹೆಚ್ಚುಕಡಿಮೆ ಸಾಕು. ಇಷ್ಟೇ ಲೆಕ್ಕ.

ಆ ಹಾಸನ್ನು ಎಲ್ಲಿಂದ ತರುವುದು ಎಂದು ಯಾರಾದರೂ ರಾಯಚೂರಿನಲ್ಲಿ ನಿಂತು ಕೇಳಿದರೆ ನಗಬೇಕಷ್ಟೆ. ನಮ್ಮದು ಹತ್ತಿಯ ಊರು. ಜಿನ್ನಿಂಗ್ ಕಾರ್ಖಾನೆಗಳ ಅಂಗಳದಲ್ಲಿ ಉಳಿಯುವ ಹತ್ತಿಯ ಕಸ ಶಬ್ದ ಹೀರುವುದರಲ್ಲಿ ಬಹಳ ಒಳ್ಳೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿ ಸೀಮೆಯ ಅಕ್ಕಿ ಗಿರಣಿಗಳ ಹಿಂದೆ ಭತ್ತದ ಹೊಟ್ಟಿನ ಗುಡ್ಡಗಳೇ ಇವೆ. ಹತ್ತಿಗೆ ಬೆಂಕಿಯ ಭಯವಿದೆ, ಇಲಿ ಹುಳುಗಳ ಕಾಟವಿದೆ, ಆದ್ದರಿಂದ ಮನಸ್ಸಿಗೆ ಬಂದಂತೆ ತುಂಬಿ ತೂಗುಹಾಕಬಾರದು. ಬೋರಾಕ್ಸಿನಂಥ ದ್ರವ್ಯಗಳಿಂದ ಹದಗೊಳಿಸಬೇಕು, ಪರೀಕ್ಷೆ ಮಾಡಬೇಕು. ನಮ್ಮ ಊರಿನಲ್ಲೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. 2019ರಲ್ಲಿ ಆರಂಭವಾದ ಐಐಐಟಿ ಇದೆ. ಅಲ್ಲಿನ ತರುಣರು ಒಂದು ವರ್ಷದ ಪ್ರಾಜೆಕ್ಟಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.

ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ತರಗತಿಯಲ್ಲಿ ಕೇಳಿಸುವುದು ಎಂಬುದನ್ನು ಬೆಳಕು, ಗಾಳಿ, ಕುಡಿಯುವ ನೀರುಗಳ ಸಾಲಿಗೆ ಸೇರಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಎಲ್ಲ ಋತುಮಾನಕ್ಕೂ ಒಗ್ಗುವ ಕಟ್ಟಡ, ಶೌಚಾಲಯ, ನೀರು, ಆಟದ ಬಯಲು, ಕಾಂಪೌಂಡು ಎಲ್ಲವನ್ನೂ ಹೇಳುತ್ತದೆ. ಕೊನೆಯ ಸಾಲಿಗೆ ಮಾತು ಕೇಳಿಸಬೇಕೆಂದು ಹೇಳುವುದಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 8ನೆಯ ಭಾಗದಲ್ಲಿ ಶಬ್ದದ ಹತೋಟಿಗೆಂದೇ ಒಂದು ಅಧ್ಯಾಯವಿದೆ. ಅದು ಗ್ರಂಥದಲ್ಲಿದೆ, ನಾನು ಕಂಡ ಯಾವ ಹಳ್ಳಿಶಾಲೆಯ ಗೋಡೆಯ ಮೇಲೂ ಇಲ್ಲ. ಸಂವಿಧಾನದ 371(ಜೆ) ವಿಧಿಯ ನಂತರ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಶಾಲಾ ಕೊಠಡಿಗಳು ಸಾಕಷ್ಟು ಏಳುತ್ತಿವೆ. ಏಳುತ್ತಿರುವಾಗಲೇ ಅಂದಾಜುಪಟ್ಟಿಯಲ್ಲಿ ಒಂದು ಸಾಲು ಹೆಚ್ಚು ಬರೆದರೆ ಖರ್ಚು ಅಲ್ಪ. ಕಟ್ಟಿ ಮುಗಿದ ಮೇಲೆ ಯಾರೂ ಮಾಡುವುದಿಲ್ಲ.

ಇದಕ್ಕೆ ಬರುವ ಆಕ್ಷೇಪವೂ ನನಗೆ ಗೊತ್ತು. "ಸರ, ಎಷ್ಟೋ ಕಡೆ ಶಿಕ್ಷಕರೇ ಇಲ್ಲ, ನೀವು ಶಬ್ದದ ಮಾತು ಆಡ್ತೀರಿ" ಎಂದು ನಿಮ್ಮಲ್ಲೇ ಶಿಕ್ಷಕರಾಗಿರುವವರು ಹೇಳಬಹುದು. ಮಾತು ನಿಜ. ಶಿಕ್ಷಕರ ನೇಮಕವೇ ಮೊದಲಾಗಬೇಕು. ಆದರೆ ಶಿಕ್ಷಕರು ಕಡಿಮೆ ಇರುವಲ್ಲಿ ಎರಡು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸುತ್ತಾರಲ್ಲವೇ? ಅಲ್ಲಿ ಗುಂಯ್‌ಕಾರದ ಹಾನಿ ಇಮ್ಮಡಿ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳು ನಮ್ಮ ತರಗತಿಗಳಲ್ಲಿ ಎಷ್ಟು ಮಂದಿ! ತಿಳಿದ ಭಾಷೆಯಲ್ಲಾದರೆ ಅರ್ಧ ಕೇಳಿಸಿದರೂ ಉಳಿದರ್ಧವನ್ನು ಊಹಿಸಬಹುದು. ಹೊಸ ಭಾಷೆಯಲ್ಲಿ ಊಹೆಗೂ ಆಧಾರವಿಲ್ಲ. ಕೆಟ್ಟ ಕೊಠಡಿಯ ದಂಡವನ್ನು ಹೆಚ್ಚಾಗಿ ತೆರುವವರು ಈಗಾಗಲೇ ಹಿಂದೆ ಉಳಿದವರೇ. ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಶಿಕ್ಷಕರನ್ನೂ ಮರೆಯಬಾರದು. ನಿವೃತ್ತಿಯ ವೇಳೆಗೆ ನನ್ನ ದನಿ ಒಡೆದುಹೋಗಿತ್ತೆಂದು ನೀವೇ ಬಲ್ಲಿರಿ. ಗುಂಯ್‌ಗುಡುವ ಕೊಠಡಿಯಲ್ಲಿ ಗಟ್ಟಿಯಾಗಿ ಕೂಗಿದಷ್ಟೂ ಗುಂಯ್‌ಕಾರವೇ ಹೆಚ್ಚುತ್ತದೆ.

ಡಿಜೆಯ ವಿಷಯದಲ್ಲಿ ಮನೆಯವರ ಪ್ರಶ್ನೆಗೂ ಉತ್ತರ ಕೊಡಬೇಕು. ಅದಕ್ಕೆ ಮೆಟಾಮೆಟೀರಿಯಲ್ ಬೇಕಿಲ್ಲ. ಒಂದು ಗುಂಡಿ ಸಾಕು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಹಬ್ಬವನ್ನು ನಾನು ವಿರೋಧಿಸುತ್ತಿಲ್ಲ. ಹಲಿಗೆಯ ಸದ್ದಿಗೆ ಮೈಮರೆತು ನಿಂತವನು ನಾನು. ಮಾನ್ವಿಯಲ್ಲಿ ಜಗನ್ನಾಥದಾಸರ ಸನ್ನಿಧಿಯ ಭಜನೆಯಲ್ಲಿ ತಂಬೂರಿಯ ಶ್ರುತಿಗೆ ಕಿವಿಗೊಟ್ಟು ಕೂತವನು. ಆ ಎರಡೂ ಕಡೆ ವಾದ್ಯವನ್ನು ಮೊದಲು ಹದಗೊಳಿಸಿ, ಕಿವಿಯಿಂದ ಪರೀಕ್ಷಿಸಿ, ಆಮೇಲೆ ನುಡಿಸುತ್ತಿದ್ದರು. ಆ ಹದದ ಪ್ರಜ್ಞೆ ಹೋದದ್ದಕ್ಕಷ್ಟೇ ನನ್ನ ಆಕ್ಷೇಪ.

ನಿಮ್ಮಲ್ಲಿ ಶಿಕ್ಷಕರಾಗಿರುವವರಿಗೆ ಒಂದು ಮನವಿ. ನಾಳೆ ಶಾಲೆಗೆ ಹೋದಾಗ ಮಕ್ಕಳು ಬರುವ ಮುನ್ನ ಕೊಠಡಿಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಎಷ್ಟು ಹೊತ್ತು ಉಳಿಯುತ್ತದೆಂದು ಕೇಳಿಸಿಕೊಳ್ಳಿ. ಪಾಠದ ವೇಳೆ ಯಾರಾದರೂ ಒಬ್ಬರಿಂದ ಕಾಲು, ಸಾಲು, ಹಾಲು, ಪಾಲು ಎಂದು ಕ್ರಮ ತಪ್ಪಿಸಿ ಓದಿಸಿ, ನೀವು ಕೊನೆಯ ಬೆಂಚಿನಲ್ಲಿ ಕೂತು ಬರೆಯಿರಿ. ನಿಮ್ಮ ಉಕ್ತಲೇಖನದಲ್ಲಿ ಎಷ್ಟು ತಪ್ಪು ಬಂತೆಂದು ಎಣಿಸಿ. ವಾರಕ್ಕೊಮ್ಮೆ ಸಾಲುಗಳನ್ನು ಬದಲಿಸಿ; ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಇಂಜಿನಿಯರ್‌ಗಳಾಗಿರುವವರು ನಾನು ಮಾಡಿದ ಲೆಕ್ಕವನ್ನು ತಿದ್ದಿ, ಅಂದಾಜುಪಟ್ಟಿಗೆ ಸೇರಿಸಬಹುದಾದ ಆ ಒಂದು ಸಾಲನ್ನು ಬರೆದುಕೊಡಿ. ಸಂಬಂಧಪಟ್ಟವರಿಗೆ ಅರ್ಜಿ ಹೊತ್ತು ತಿರುಗುವ ಕೆಲಸ ನನಗಿರಲಿ. ಕಾಲು ಇನ್ನೂ ಗಟ್ಟಿಯಾಗಿವೆ.

ಆ ಹುಡುಗನಿಗೆ ಈಗ ಐವತ್ತರ ಹತ್ತಿರ ವಯಸ್ಸು. ಎಲ್ಲಿದ್ದಾನೋ ತಿಳಿಯದು. ಅವನ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊಹರಂ ರಾತ್ರಿ ಹಲಿಗೆ ಕಾಯಿಸುತ್ತ ಮೇಷ್ಟ್ರಿಗೆ ಪಾಠ ಹೇಳಿದವನು ಯಾರೆಂದು ನೆನಪು ಮಾಡಿಕೊಳ್ಳಿ. ಅವನು ಸಿಕ್ಕರೆ ಹೇಳಿ: ಅಂದಿನ ಉಕ್ತಲೇಖನದ ಕೆಂಪು ಗೀಟುಗಳನ್ನು ಮೇಷ್ಟ್ರು ಅಳಿಸಿದ್ದಾರೆಂದು.